ಪೆಟ್ಟಿಗೆಗೆ ಮೊದಲು ಕೆಲಸ ಗೊತ್ತುಮಾಡಿ

ಇಂದಿನ ಮಾತು ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿಗೆ. ಗಿಟಾರ್ ಕಲಿಯುತ್ತಿರುವ ಮಗಳಿಗೋ ಮಗನಿಗೋ ಒಳ್ಳೆಯ ಸಾಧನ ಕೊಡಿಸಬೇಕೆಂದು ಹಣ ಕೂಡಿಡುತ್ತಿರುವ ತಂದೆತಾಯಿಗೂ ಇದು ಸೇರಿದ್ದು. ವಿಷಯ ಒಂದೇ. ಪೆಡಲ್‌ಬೋರ್ಡಿನ ಮೇಲೆ ಕೂರುವಂಥ ಚಿಕ್ಕ ಮಲ್ಟಿ ಎಫೆಕ್ಟ್ಸ್ ಮಾಡೆಲರ್ ಆರಿಸುವುದು ಹೇಗೆ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯೊಳಗೆ ಎಷ್ಟು ಬಗೆಯ ನಾದ ಇದೆ ಎಂದು ಎಣಿಸಬೇಡಿ. ನಿಮ್ಮ ಬೋರ್ಡಿನಲ್ಲಿ ಅದು ಮಾಡಬೇಕಾದ ಕೆಲಸ ಯಾವುದು ಎಂದು ಮೊದಲು ಗೊತ್ತುಮಾಡಿ. ಕೆಲಸ ಖಚಿತವಾದರೆ ಆಯ್ಕೆ ಸುಲಭ. ಖಚಿತವಾಗದಿದ್ದರೆ ಎಷ್ಟು ದುಬಾರಿ ಪೆಟ್ಟಿಗೆ ತಂದರೂ ಅತೃಪ್ತಿ ತಪ್ಪದು. ಮುಂದಿನ ಕೆಲವು ನಿಮಿಷ ಈ ಒಂದು ಮಾತನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಸಾಧನದ ಪರಿಚಯ. ಎಲೆಕ್ಟ್ರಿಕ್ ಗಿಟಾರನ್ನು ಯಾವುದಕ್ಕೂ ಜೋಡಿಸದೆ ಮೀಟಿದರೆ ಸದ್ದು ಪಕ್ಕದ ಕೋಣೆಗೂ ಕೇಳುವುದಿಲ್ಲ. ತಂತಿಗಳ ಕೆಳಗೆ ಪಿಕಪ್ ಇರುತ್ತದೆ. ಅಯಸ್ಕಾಂತದ ಸುತ್ತ ತೆಳು ತಾಮ್ರದ ತಂತಿ ಸುತ್ತಿದ ಸುರುಳಿ ಅದು. ತಂತಿಯ ಕಂಪನವನ್ನು ಅದು ಸಣ್ಣ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಆ ಸಂಕೇತ ಕೇಬಲ್ಲಿನಲ್ಲಿ ಹರಿದು ಆಂಪ್ಲಿಫೈಯರ್ ಸೇರುತ್ತದೆ. ನಾವು ಬಾಯಿಮಾತಿನಲ್ಲಿ ಆಂಪ್ ಎನ್ನುತ್ತೇವೆ. ಅಲ್ಲಿಂದ ಸ್ಪೀಕರ್. ಈ ದಾರಿಯ ನಡುವೆ ಪೆಡಲ್‌ಗಳು ಕೂರುತ್ತವೆ. ಅಂಗೈಯಗಲದ ಲೋಹದ ಡಬ್ಬಿಗಳು. ಕಾಲಿನಿಂದ ಒತ್ತಿದರೆ ಚಾಲೂ, ಮತ್ತೆ ಒತ್ತಿದರೆ ಬಂದ್. ಒಂದು ಪೆಡಲ್ ನಾದವನ್ನು ಒರಟಾಗಿಸುತ್ತದೆ, ಅದು ಡ್ರೈವ್. ಒಂದು ಪ್ರತಿಧ್ವನಿ ಕೊಡುತ್ತದೆ, ಅದು ಡಿಲೇ. ಇನ್ನೊಂದು ದೊಡ್ಡ ಸಭಾಂಗಣದ ಗುಂಗು ಕೊಡುತ್ತದೆ, ಅದು ರಿವರ್ಬ್. ಇವನ್ನೆಲ್ಲ ಒಂದು ಹಲಗೆಯ ಮೇಲೆ ಸಾಲಾಗಿ ಕೂರಿಸಿದರೆ ಪೆಡಲ್‌ಬೋರ್ಡ್.

ಈ ಪೆಡಲ್‌ಗಳ ಚರಿತ್ರೆ ಸ್ವಾರಸ್ಯಕರ. ಅಮೆರಿಕದ ನ್ಯಾಶ್‌ವಿಲ್ ನಗರದ ಸ್ಟುಡಿಯೋ ಒಂದರಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಅವರ ಹಾಡೊಂದು ಮುದ್ರಣವಾಗುತ್ತಿತ್ತು. ಮಿಕ್ಸರಿನ ಒಂದು ಚಾನೆಲ್ ಕೆಟ್ಟಿತ್ತು. ಬೇಸ್ ಗಿಟಾರಿನ ನಾದ ಒಡೆದು ಗರಗರ ಎಂದಿತು. ಅದನ್ನು ಅಳಿಸದೆ ಹಾಡಿನಲ್ಲೇ ಉಳಿಸಿಕೊಂಡರು. 1961ರಲ್ಲಿ ಹಾಡು ಹೊರಬಂತು, ಜನ ಮೆಚ್ಚಿದರು. ಧ್ವನಿ ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ನಾದ ಕೊಡುವ ಪುಟ್ಟ ಸರ್ಕ್ಯೂಟನ್ನು ರೂಪಿಸಿದರು. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮೇಸ್ಟ್ರೋ ಫಜ್ ಟೋನ್ ಎಂಬ ಪೆಡಲ್ ಮಾಡಿ ಮಾರಾಟಕ್ಕೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅದನ್ನು ಲೋಕಪ್ರಸಿದ್ಧ ಮಾಡಿತು. ಆಮೇಲೆ ಜಪಾನಿನವರು ಬಂದರು. 1977ರಲ್ಲಿ ಬಾಸ್ ಕಂಪನಿಯ ಪುಟ್ಟ ಪೆಡಲ್‌ಗಳು ಬಂದವು. 1988ರಲ್ಲಿ ಅದೇ ಕಂಪನಿ ಹಲವು ಪೆಡಲ್‌ಗಳನ್ನು ಒಂದೇ ಪೆಟ್ಟಿಗೆಗೆ ಸೇರಿಸಿತು. ಎಂಇ ಫೈವ್ ಎಂಬುದು ಅದರ ಹೆಸರು.

ಇಲ್ಲಿಯವರೆಗೆ ಪೆಡಲ್‌ಗಳು ಒಟ್ಟುಗೂಡಿದ ಕಥೆ ಆಯಿತು. ಆದರೆ ಮಾಡೆಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಪೆಡಲ್ ಜೊತೆಗೆ ಆಂಪನ್ನೂ ಸ್ಪೀಕರನ್ನೂ ತನ್ನೊಳಗೆ ತೆಗೆದುಕೊಂಡಿತು. 1998ರಲ್ಲಿ ಅಮೆರಿಕದ ಲೈನ್ ಸಿಕ್ಸ್ ಕಂಪನಿ ಪಾಡ್ ಎಂಬ ಕೆಂಪು ಪೆಟ್ಟಿಗೆ ತಂದಿತು. ಮೇಜಿನ ಮೇಲಿಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ದೊಡ್ಡ ಆಂಪಿನ ನಾದ ಕೇಳಬಹುದಿತ್ತು. 2018ರಲ್ಲಿ ಅದೇ ಕಂಪನಿಯ ಎಚ್‌ಎಕ್ಸ್ ಸ್ಟಾಂಪ್ ಬಂತು. ಅಗಲ ಸುಮಾರು ಒಂದು ಗೇಣು. ತೂಕ ಸುಮಾರು ಒಂದು ಕಿಲೋ. ಮೇಲೆ ಮೂರು ಫುಟ್‌ಸ್ವಿಚ್. ಇಷ್ಟು ಚಿಕ್ಕ ಜಾಗದಲ್ಲಿ ಆಂಪ್, ಸ್ಪೀಕರ್, ಡಿಲೇ, ರಿವರ್ಬ್ ಎಲ್ಲವೂ ಸೇರಿದ್ದರಿಂದ ಪೆಡಲ್‌ಬೋರ್ಡ್ ಕಟ್ಟುವವರ ಲೆಕ್ಕಾಚಾರವೇ ಬದಲಾಯಿತು. ಇಂದಿನ ನನ್ನ ಮಾತಿಗೆ ಈ ಪೆಟ್ಟಿಗೆಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಮಾಡೆಲರ್ ಒಳಗೆ ನಡೆಯುವುದೇನು? ಅದು ಮೊದಲೇ ಮುದ್ರಿಸಿಟ್ಟ ನಾದವನ್ನು ನುಡಿಸುವ ಯಂತ್ರ ಅಲ್ಲ. ನೀವು ಮೀಟಿದ ನಾದವನ್ನು ಸೆಕೆಂಡಿಗೆ ಹಲವು ಸಾವಿರ ಸಲ ಅಳೆಯುತ್ತದೆ. 48 ಸಾವಿರ ಎಂಬುದು ಬಹಳ ಸಾಧನಗಳಲ್ಲಿರುವ ಲೆಕ್ಕ. ಪ್ರತಿ ಅಳತೆಗೂ, ಇಂಥ ಆಂಪ್ ಇದ್ದಿದ್ದರೆ ಹೊರಗೆ ಏನು ಬರುತ್ತಿತ್ತು ಎಂದು ಗಣಿತ ಮಾಡುತ್ತದೆ. ಸ್ಪೀಕರಿನ ಭಾಗಕ್ಕೆ ಇಂಪಲ್ಸ್ ರೆಸ್ಪಾನ್ಸ್ ಎಂಬ ಪುಟ್ಟ ಕಡತ ಇರುತ್ತದೆ. ಒಂದು ಸ್ಪೀಕರ್ ಪೆಟ್ಟಿಗೆ, ಅದರ ಮುಂದಿನ ಮೈಕ್, ಎರಡೂ ಸೇರಿ ನಾದವನ್ನು ಹೇಗೆ ತಿದ್ದುತ್ತವೆ ಎಂಬುದರ ಅಚ್ಚು ಅದು. ಗಿಟಾರಿಗೆಂದೇ ಮಾಡಿದ ಸ್ಪೀಕರ್ ಸುಮಾರು ಐದು ಸಾವಿರ ಹರ್ಟ್ಸ್ ಮೇಲಿನ ಕೀರಲು ಸದ್ದನ್ನು ಬಹುಪಾಲು ನುಂಗಿಬಿಡುತ್ತದೆ. ಗಿಟಾರಿನ ಇಂಪಿನಲ್ಲಿ ದೊಡ್ಡ ಪಾಲು ಈ ನುಂಗುವಿಕೆಯದು. ಈ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ಸಾಧನ ಏನು ಎಂದು ಗೊತ್ತಾಯಿತು. ಈಗ ಕೆಲಸದ ಮಾತು. ಚಿಕ್ಕ ಮಾಡೆಲರ್ ಮಾಡುವ ಕೆಲಸ ಮೂರು ಬಗೆ.

ಮೊದಲನೆಯದು, ವೇದಿಕೆಯ ಮೇಲೆ ಆಂಪಿನ ಬದಲಿಗೆ ನಿಲ್ಲುವುದು. ನಮ್ಮ ನಾಡಿನ ಬಹುಪಾಲು ಗಿಟಾರ್ ವಾದಕರಿಗೆ ಬೇಕಾದ್ದು ಇದೇ. ಗಣೇಶೋತ್ಸವದ ಆರ್ಕೆಸ್ಟ್ರಾ, ಕಾಲೇಜು ಫೆಸ್ಟು, ಮದುವೆಯ ಆರತಕ್ಷತೆ, ಚರ್ಚಿನ ಗಾಯನ ತಂಡ, ಸುಗಮ ಸಂಗೀತದ ಸಭೆ. ಇಂಥ ಕಡೆ ಒಳ್ಳೆಯ ಗಿಟಾರ್ ಆಂಪ್ ಸಿಗುವುದು ಅಪರೂಪ. ಸೌಂಡ್‌ನವರು ಒಂದು ಕೇಬಲ್ ಕೈಗೆ ಕೊಟ್ಟು, ಲೈನ್ ಕೊಡಿ ಸಾರ್ ಎನ್ನುತ್ತಾರೆ. ಆ ಕೇಬಲ್ ನೇರ ಮಿಕ್ಸರಿಗೆ ಹೋಗುತ್ತದೆ. ಅಲ್ಲಿ ಮಾಡೆಲರ್ ನಿಮ್ಮ ಆಂಪೂ ಹೌದು, ಸ್ಪೀಕರೂ ಹೌದು.

ಎರಡನೆಯದು, ಇರುವ ಆಂಪಿಗೆ ಜೊತೆಯಾಗುವುದು. ನಿಮ್ಮ ಬಳಿ ಮೆಚ್ಚಿನ ಆಂಪ್ ಇದೆ. ಕೈಗೆ ಹೊಂದಿದ ಒಂದೆರಡು ಡ್ರೈವ್ ಪೆಡಲ್ ಇವೆ. ಡಿಲೇ, ರಿವರ್ಬ್, ನಾದವನ್ನು ದಟ್ಟಗೊಳಿಸುವ ಕೋರಸ್ ಮಾತ್ರ ಬೇಕು. ಮೂರು ನಾಲ್ಕು ಪೆಡಲ್ ಕೊಳ್ಳುವ ಬದಲು ಒಂದು ಪೆಟ್ಟಿಗೆ ಸಾಕು ಎಂಬ ಲೆಕ್ಕ ಇದು.

ಮೂರನೆಯದು, ಮನೆಯ ಅಭ್ಯಾಸ ಮತ್ತು ಧ್ವನಿಮುದ್ರಣ. ರಾತ್ರಿ ಹತ್ತರ ಮೇಲೆ ಹೆಡ್‌ಫೋನಿನಲ್ಲಿ ನುಡಿಸಬೇಕು. ಕಂಪ್ಯೂಟರಿಗೆ ಯುಎಸ್‌ಬಿ ಮೂಲಕ ಜೋಡಿಸಿ ಮುದ್ರಿಸಬೇಕು. ಕಾಲಿನ ಕೆಲಸ ಇಲ್ಲಿ ಕಡಿಮೆ, ಕೈಯ ಕೆಲಸ ಹೆಚ್ಚು.

ಒಂದೇ ಪೆಟ್ಟಿಗೆ ಈ ಮೂರನ್ನೂ ಮಾಡಬಲ್ಲದು, ನಿಜ. ಆದರೆ ಮೂರನ್ನೂ ಸಮನಾಗಿ ಚೆನ್ನಾಗಿ ಮಾಡುವ ಚಿಕ್ಕ ಪೆಟ್ಟಿಗೆ ಕಡಿಮೆ. ಆದ್ದರಿಂದ ನಿಮ್ಮ ಮೊದಲ ಕೆಲಸ ಯಾವುದು ಎಂದು ಒಂದನ್ನು ಆರಿಸಿ. ಉಳಿದವೆರಡು ಲಾಭಕ್ಕೆ ಬಂದವು ಎಂದುಕೊಳ್ಳಿ.

ಮೂರು ಕೆಲಸ ಹೇಳಿದೆ. ಆಂಪಿನ ಬದಲು, ಆಂಪಿನ ಜೊತೆ, ಮನೆಯ ಅಭ್ಯಾಸ. ಈಗ ಆ ಕೆಲಸಕ್ಕೆ ತಕ್ಕ ಪೆಟ್ಟಿಗೆಯನ್ನು ಪರೀಕ್ಷಿಸುವುದು ಹೇಗೆ ಎಂದು ನೋಡೋಣ. ಮೊದಲು ಹಿಂಬದಿಯ ತೂತುಗಳಿಂದ ಶುರುಮಾಡಿ. ಅಂದರೆ ಜ್ಯಾಕುಗಳಿಂದ.

ಆಂಪಿನ ಬದಲು ಬಳಸುವವರು ಮಿಕ್ಸರಿಗೆ ಹೋಗುವ ದಾರಿ ನೋಡಬೇಕು. ಚಿಕ್ಕ ಪೆಟ್ಟಿಗೆಗಳಲ್ಲಿ ಮೈಕ್ ಕೇಬಲ್ ಸಿಕ್ಕಿಸುವ ಮೂರು ಪಿನ್ನಿನ ಜ್ಯಾಕ್ ಸಾಮಾನ್ಯವಾಗಿ ಇರುವುದಿಲ್ಲ. ಜಾಗವೇ ಇಲ್ಲ. ಗಿಟಾರ್ ಕೇಬಲ್ಲನ್ನು ಹದಿನೈದು ಇಪ್ಪತ್ತು ಮೀಟರ್ ಎಳೆದರೆ ಗುಂಯ್ ಎಂಬ ಸದ್ದು ಸೇರಿಕೊಳ್ಳುತ್ತದೆ. ಆದ್ದರಿಂದ ಸಂಕೇತವನ್ನು ಮೈಕ್ ಕೇಬಲ್ಲಿಗೆ ತಕ್ಕಂತೆ ಬದಲಿಸುವ ಡಿಐ ಬಾಕ್ಸ್ ಒಂದನ್ನು ಬೋರ್ಡಿನ ಜೊತೆಗೇ ಇಟ್ಟುಕೊಳ್ಳಬೇಕು. ಅದರ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಇನ್ನೊಂದು ಮಾತು. ನಮ್ಮ ಊರುಗಳ ಧ್ವನಿವರ್ಧಕ ವ್ಯವಸ್ಥೆ ಹೆಚ್ಚಾಗಿ ಮೊನೊ. ಎಡಕ್ಕೂ ಬಲಕ್ಕೂ ಒಂದೇ ಸದ್ದು. ಎಡಬಲ ಓಡಾಡುವ ಪ್ರತಿಧ್ವನಿಗೆ ಮನಸೋತು ಪೆಟ್ಟಿಗೆ ಕೊಂಡರೆ ವೇದಿಕೆಯಲ್ಲಿ ಅದು ಕೇಳುವುದೇ ಇಲ್ಲ. ಅಂಗಡಿಯಲ್ಲಿ ಒಂದೇ ಔಟ್‌ಪುಟ್ ಬಳಸಿ ಕೇಳಿ ನೋಡಿ.

ಆಂಪಿನ ಜೊತೆ ಬಳಸುವವರು ಸೆಂಡ್, ರಿಟರ್ನ್ ಎಂಬ ಜೋಡಿ ಜ್ಯಾಕ್ ಹುಡುಕಬೇಕು. ಇದಕ್ಕೆ ಎಫೆಕ್ಟ್ಸ್ ಲೂಪ್ ಎನ್ನುತ್ತಾರೆ. ಇದು ಇದ್ದರೆ ನಿಮ್ಮ ಮೆಚ್ಚಿನ ಡ್ರೈವ್ ಪೆಡಲನ್ನು ಮಾಡೆಲರಿನ ಸರಣಿಯೊಳಗೆ ಬೇಕಾದ ಕಡೆ ಸೇರಿಸಬಹುದು. ನಾಲ್ಕು ಕೇಬಲ್ ಹಾಕಿ ಕೆಲವು ಎಫೆಕ್ಟುಗಳನ್ನು ಆಂಪಿನ ಮುಂದೆ, ಕೆಲವನ್ನು ಆಂಪಿನ ಲೂಪಿನೊಳಗೆ ಇಡಬಹುದು. ಡ್ರೈವ್ ಮುಂದೆ, ಡಿಲೇ ಹಿಂದೆ ಇದ್ದಾಗ ಪ್ರತಿಧ್ವನಿ ಒಡೆಯದೆ ಸ್ಪಷ್ಟವಾಗಿ ಕೇಳುತ್ತದೆ. ಎಚ್‌ಎಕ್ಸ್ ಸ್ಟಾಂಪಿನಲ್ಲಿ ಈ ಸೌಲಭ್ಯ ಇದೆ. 2016ರಲ್ಲಿ ಬಂದ ಬಾಸ್ ಕಂಪನಿಯ ಜಿಟಿ ಒನ್ ಪೆಟ್ಟಿಗೆಯಲ್ಲಿ ಅದಿಲ್ಲ. ಆದರೆ ಜಿಟಿ ಒನ್ ನಾಲ್ಕು ಪೆನ್ಸಿಲ್ ಸೆಲ್ಲುಗಳ ಮೇಲೆ ನಡೆಯುತ್ತದೆ, ಬೆಲೆಯೂ ಕಡಿಮೆ. ಮನೆಯ ಅಭ್ಯಾಸಕ್ಕೆ, ಮೊದಲ ವೇದಿಕೆಗಳಿಗೆ ಅದು ತಕ್ಕದ್ದು. ಯಾವುದು ಮೇಲು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ಕೆಲಸಕ್ಕೆ ಎಂದು ಕೇಳಿದಾಗ ಮಾತ್ರ ಉತ್ತರ ಸಿಗುತ್ತದೆ.

ಜ್ಯಾಕಿನ ಮಾತು ಮುಗಿಸುವ ಮುನ್ನ, ಸ್ಪೀಕರ್ ಬಗ್ಗೆ ನೆನಪಿಡಲು ಹೇಳಿದ್ದೆನಲ್ಲ, ಅದಕ್ಕೆ ಬರೋಣ. ಮಾಡೆಲರನ್ನು ಮಿಕ್ಸರಿಗೆ ಜೋಡಿಸಿದಾಗ ಅದರೊಳಗಿನ ಸ್ಪೀಕರ್ ಮಾಡೆಲ್ ಚಾಲೂ ಇರಬೇಕು. ಬಂದ್ ಇದ್ದರೆ ಡ್ರೈವ್ ನಾದವು ತಗಡಿನ ಡಬ್ಬದಲ್ಲಿ ಸಿಕ್ಕಿಕೊಂಡ ಕಣಜದಂತೆ ಕೇಳುತ್ತದೆ. ನಿಜವಾದ ಗಿಟಾರ್ ಆಂಪಿಗೆ ಜೋಡಿಸಿದಾಗ ಅದೇ ಸ್ಪೀಕರ್ ಮಾಡೆಲ್ ಬಂದ್ ಇರಬೇಕು. ಇಲ್ಲದಿದ್ದರೆ ಎರಡು ಸ್ಪೀಕರ್ ಒಂದರ ಮೇಲೊಂದು ಕುಳಿತು ನಾದ ಮಂಕಾಗುತ್ತದೆ. ಆಂಪಿನ ಮುಂಬದಿಯ ಜ್ಯಾಕಿಗೆ ಹಾಕುವುದಾದರೆ ಆಂಪ್ ಮಾಡೆಲನ್ನೂ ಬಂದ್ ಮಾಡಿ. ಮಾಡೆಲರ್ ಸರಿಯಿಲ್ಲ ಎಂದು ಮೂಲೆಗೆ ಹಾಕುವವರಲ್ಲಿ ಅನೇಕರಿಗೆ ತೊಂದರೆಯಾಗಿರುವುದು ಈ ಒಂದು ಸ್ವಿಚ್ಚಿನಿಂದ.

ಕೆಲಸ ಆಯಿತು, ಜ್ಯಾಕ್ ಆಯಿತು. ಮೂರನೆಯ ಮಾತು ಕಾಲಿನದು.

ಚಿಕ್ಕ ಪೆಟ್ಟಿಗೆ ಎಂದರೆ ಎರಡು ಮೂರು ಫುಟ್‌ಸ್ವಿಚ್. ಒಂದು ಹಾಡಿನಲ್ಲಿ ಎಷ್ಟು ಸಲ ನಾದ ಬದಲಿಸುತ್ತೀರಿ, ಲೆಕ್ಕ ಹಾಕಿ. ಪಲ್ಲವಿಗೆ ಶುದ್ಧ ನಾದ, ಚರಣಕ್ಕೆ ಸ್ವಲ್ಪ ಡ್ರೈವ್, ನಡುವಿನ ಬಿಜಿಎಮ್‌ಗೆ ಜೋರು ಸೋಲೊ ನಾದ ಜೊತೆಗೆ ಡಿಲೇ. ಇಷ್ಟಕ್ಕೆ ಮೂರು ಸ್ವಿಚ್ ಸಾಕು. ಅದಕ್ಕಿಂತ ಹೆಚ್ಚು ಬೇಕಾದರೆ ಹೊರಗಿನಿಂದ ಇನ್ನೊಂದೆರಡು ಫುಟ್‌ಸ್ವಿಚ್ ಅಥವಾ ಕೇಬಲ್ ಮೂಲಕ ಆದೇಶ ಕಳಿಸುವ ಮಿಡಿ ನಿಯಂತ್ರಕ ಜೋಡಿಸಲು ಜ್ಯಾಕ್ ಇದೆಯೇ ನೋಡಿ. ಹೊರಗಿನ ಸ್ವಿಚ್‌ಗಳೂ ಬೋರ್ಡಿನಲ್ಲಿ ಜಾಗ ಕೇಳುತ್ತವೆ. ಎಲ್ಲ ಜೋಡಿಸಿದ ಮೇಲೆ ಚಿಕ್ಕ ಪೆಟ್ಟಿಗೆ ಚಿಕ್ಕದಾಗಿ ಉಳಿಯದಿದ್ದರೆ, ಮೊದಲೇ ದೊಡ್ಡದನ್ನು ಕೊಳ್ಳುವುದು ಜಾಣತನ.

ನಾದ ಬದಲಿಸುವಾಗ ನಡುವೆ ಒಂದು ಕ್ಷಣ ಸದ್ದು ಕಡಿಯುತ್ತದೆಯೇ, ಇದನ್ನೂ ಕಿವಿಗೊಟ್ಟು ಕೇಳಿ. ಉಳಿಸಿಟ್ಟ ನಾದದ ಹೊಂದಾಣಿಕೆಗೆ ಪ್ರಿಸೆಟ್ ಎನ್ನುತ್ತಾರೆ. ಒಂದು ಪ್ರಿಸೆಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಹಲವು ಪೆಟ್ಟಿಗೆಗಳಲ್ಲಿ ಸಣ್ಣ ತೆರಪು ಬೀಳುತ್ತದೆ. ಹಿಂದಿನ ಪ್ರತಿಧ್ವನಿ ಥಟ್ಟನೆ ನಿಲ್ಲುತ್ತದೆ. ಇದಕ್ಕೆ ಪರಿಹಾರವಾಗಿ ಒಂದೇ ಪ್ರಿಸೆಟ್‌ನೊಳಗೆ ಹಲವು ಸ್ಥಿತಿಗಳನ್ನು ಉಳಿಸಿಡುವ ಸೌಲಭ್ಯ ಇರುತ್ತದೆ. ಒಂದು ಕಂಪನಿ ಸ್ನ್ಯಾಪ್‌ಶಾಟ್ ಎನ್ನುತ್ತದೆ, ಇನ್ನೊಂದು ಸೀನ್ ಎನ್ನುತ್ತದೆ. ಹೆಸರು ಏನೇ ಇರಲಿ, ಒಂದು ಹಾಡಿನ ನಡುವೆ ನಾದ ಬದಲಿಸುವವರಿಗೆ ಅದು ಇರಲೇಬೇಕು.

ಪರದೆಯ ಬಗ್ಗೆಯೂ ಒಂದು ಮಾತು. 2024ರಲ್ಲಿ ಫಿನ್ಲೆಂಡಿನ ನ್ಯೂರಲ್ ಡಿಎಸ್‌ಪಿ ಕಂಪನಿ ತಂದ ನ್ಯಾನೋ ಕಾರ್ಟೆಕ್ಸ್ ಪೆಟ್ಟಿಗೆಗೆ ಪರದೆಯೇ ಇಲ್ಲ. ಸೂಕ್ಷ್ಮ ಹೊಂದಾಣಿಕೆಯನ್ನು ಮೊಬೈಲಿನಲ್ಲಿ ಮಾಡಬೇಕು. ನಿಜವಾದ ಆಂಪಿನ ನಾದವನ್ನು ಹಿಡಿದಿಟ್ಟುಕೊಳ್ಳುವುದು ಅದರ ಶಕ್ತಿ. ಮನೆಯಲ್ಲಿ ಎಲ್ಲ ಸಿದ್ಧ ಮಾಡಿಕೊಂಡು ವೇದಿಕೆಗೆ ಹೋಗುವವರಿಗೆ ಅದು ಹೊಂದುತ್ತದೆ. ವೇದಿಕೆಯ ಮೇಲೆ ನಿಂತು ಬಗ್ಗಿ ತಿದ್ದುವ ಅಭ್ಯಾಸ ಇರುವವರಿಗೆ ಗುಬುಟುಗಳೂ ಓದಲಾಗುವ ಪರದೆಯೂ ಬೇಕು.

ಕೆಲಸ, ಜ್ಯಾಕ್, ಕಾಲು. ಮೂರು ಮಾತು ಆದವು. ನಾಲ್ಕನೆಯದು ಕರೆಂಟು. ಇದನ್ನು ಕೊನೆಯಲ್ಲಿ ಯೋಚಿಸಿ ಕಷ್ಟಪಡುವವರು ಬಹಳ.

ಸಾಮಾನ್ಯ ಡ್ರೈವ್ ಪೆಡಲ್ ಹತ್ತಿಪ್ಪತ್ತು ಮಿಲಿಆಂಪಿಯರ್ ಕರೆಂಟು ಸಾಕೆನ್ನುತ್ತದೆ. ಮಾಡೆಲರ್ ಒಳಗಿರುವುದು ಒಂದು ಕಂಪ್ಯೂಟರ್. ಅದು ನೂರಾರು ಮಿಲಿಆಂಪಿಯರ್ ಕೇಳುತ್ತದೆ. ಎಚ್‌ಎಕ್ಸ್ ಸ್ಟಾಂಪಿನ ಜೊತೆ ಕಂಪನಿಯೇ ಕೊಡುವ ಅಡಾಪ್ಟರ್ ಮೂರು ಆಂಪಿಯರಿನದು. ಪೆಡಲ್‌ಬೋರ್ಡಿನ ಪವರ್ ಸಪ್ಲೈಯಲ್ಲಿ ಬಹಳ ಔಟ್‌ಲೆಟ್ಟುಗಳು ನೂರು ಮಿಲಿಆಂಪಿಯರಿನವು. ಅದಕ್ಕೆ ಸಿಕ್ಕಿಸಿದರೆ ಮಾಡೆಲರ್ ಏಳುವುದಿಲ್ಲ, ಅಥವಾ ಹಾಡಿನ ನಡುವೆ ಮಲಗಿಬಿಡುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಮೂರು ಸಂಗತಿ ಓದಿ. ಎಷ್ಟು ವೋಲ್ಟ್, ಎಷ್ಟು ಮಿಲಿಆಂಪಿಯರ್, ಪಿನ್ನಿನ ನಡುಭಾಗ ಋಣವೋ ಧನವೋ. ಪೆಡಲ್‌ಗಳಲ್ಲಿ ಒಂಬತ್ತು ವೋಲ್ಟ್, ನಡುಭಾಗ ಋಣ ಎಂಬುದು ರೂಢಿ. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ಸಿಕ್ಕಿಸಬೇಡಿ. ಮಾಡೆಲರನ್ನೂ ಹಳೆಯ ಪೆಡಲ್‌ಗಳನ್ನೂ ಒಂದೇ ಸರಪಳಿ ವೈರಿನಲ್ಲಿ ಜೋಡಿಸಿದರೆ ಕುಂಯ್ ಎಂಬ ಸದ್ದು ಬರುವುದುಂಟು. ಪ್ರತ್ಯೇಕ ಔಟ್‌ಲೆಟ್ ಕೊಡಿ.

ನಮ್ಮ ಊರಿನ ವೇದಿಕೆಗಳಲ್ಲಿ ಕರೆಂಟು ಹೋಗಿ ಜನರೇಟರ್ ಬರುವುದು ಮಾಮೂಲು. ಹಳೆಯ ಪೆಡಲ್ ತಕ್ಷಣ ಎದ್ದು ನಿಲ್ಲುತ್ತದೆ. ಮಾಡೆಲರ್ ಕಂಪ್ಯೂಟರಿನಂತೆ ಮೊದಲಿನಿಂದ ಶುರುವಾಗಬೇಕು. ಕೆಲವು ಸೆಕೆಂಡು ಬೇಕು. ಕೊಳ್ಳುವ ಮುನ್ನ ಸ್ವಿಚ್ ಹಾಕಿ, ನಾದ ಬರಲು ಎಷ್ಟು ಹೊತ್ತಾಗುತ್ತದೆ ನೋಡಿ. ಸೆಲ್ಲಿನ ಮೇಲೆ ನಡೆಯುವ ಪೆಟ್ಟಿಗೆ ಹಳ್ಳಿಯ ವೇದಿಕೆಗೆ ದೊಡ್ಡ ಆಸರೆ. ಇನ್ನೊಂದು ಎಚ್ಚರಿಕೆ, ಇದು ಜೀವದ ಮಾತು. ಅರ್ಥಿಂಗ್ ಇಲ್ಲದ ಪ್ಲಗ್ಗಿನಿಂದ ಬೋರ್ಡಿಗೆ ಕರೆಂಟು ತೆಗೆದುಕೊಳ್ಳಬೇಡಿ. ಕೈ ಗಿಟಾರಿನ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇದ್ದಾಗ ಷಾಕ್ ಹೊಡೆಯಬಹುದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಳೆದು ನೋಡುವ ಸಂಗತಿ. ಕೆಲಸ, ಜ್ಯಾಕ್, ಕಾಲು, ಕರೆಂಟು. ಐದನೆಯದು ಕಿವಿ. ಕಡೆಯ ತೀರ್ಮಾನ ಕಿವಿಯದೇ.

ಅಂಗಡಿಗೆ ನಿಮ್ಮ ಗಿಟಾರನ್ನೇ ತೆಗೆದುಕೊಂಡು ಹೋಗಿ. ಕಂಪನಿ ಮೊದಲೇ ತುಂಬಿಟ್ಟ ಪ್ರಿಸೆಟ್‌ಗಳನ್ನು ಬದಿಗಿಡಿ. ಮಾರಾಟಕ್ಕೆಂದು ಅವಕ್ಕೆ ರಿವರ್ಬ್, ಡಿಲೇ ಧಾರಾಳವಾಗಿ ಹಾಕಿರುತ್ತಾರೆ. ಒಂದು ಆಂಪ್, ಒಂದು ಸ್ಪೀಕರ್, ಇಷ್ಟೇ ಇಟ್ಟುಕೊಳ್ಳಿ. ಮೂರು ಪರೀಕ್ಷೆ ಮಾಡಿ.

ಒಂದು. ಸ್ವಲ್ಪ ಡ್ರೈವ್ ಇರುವ ನಾದದಲ್ಲಿ ಗಿಟಾರಿನ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ. ಒರಟುತನ ಕರಗಿ ನಾದ ತಿಳಿಯಾಗಬೇಕು. ಬರೀ ಸದ್ದು ಕಡಿಮೆಯಾಗಿ ಒರಟುತನ ಹಾಗೇ ಉಳಿದರೆ ಆ ಮಾಡೆಲ್ ನಿಮ್ಮ ಬೆರಳಿಗೆ ಓಗೊಡುತ್ತಿಲ್ಲ ಎಂದರ್ಥ. ತಂತಿ ಎಳೆದು ಗಮಕ ನುಡಿಸುವವರಿಗೆ, ಭಾವಗೀತೆಗೆ ಮೆಲ್ಲನೆ ಮೀಟುವವರಿಗೆ ಇದು ಬಹಳ ಮುಖ್ಯ.

ಎರಡು. ಒಂದು ಸ್ವರ ಮೀಟಿ ಸುಮ್ಮನೆ ಬಿಡಿ. ಅದು ಸಾಯುವವರೆಗೂ ಕೇಳಿ. ಕೊನೆಯಲ್ಲಿ ನಾದ ಮೆಲ್ಲಗೆ ಇಳಿಯಬೇಕು. ಪುಟಪುಟ ಒಡೆದರೆ, ಹಠಾತ್ತನೆ ಕಡಿದುಹೋದರೆ ಬೇರೆ ಹೊಂದಾಣಿಕೆ ಮಾಡಿ ಮತ್ತೆ ಕೇಳಿ.

ಮೂರು. ವೇಗವಾಗಿ ಲಯಬದ್ಧವಾಗಿ ನುಡಿಸಿ. ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವೆ ಅಂತರ ಎನಿಸುತ್ತದೆಯೇ? ಮಾಡೆಲರಿನ ಗಣಿತಕ್ಕೆ ಕೆಲವೇ ಮಿಲಿಸೆಕೆಂಡು ಬೇಕು. ಒಂದು ಮಿಲಿಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಸುಮಾರು ಒಂದಡಿ ಸಾಗುತ್ತದೆ. ಮೂರು ಮಿಲಿಸೆಕೆಂಡು ಎಂದರೆ ಆಂಪಿನಿಂದ ಮೂರಡಿ ದೂರ ನಿಂತಷ್ಟೇ. ಅದು ತೊಂದರೆ ಅಲ್ಲ. ಆದರೆ ವೈರ್‌ಲೆಸ್, ಅದರ ಹಿಂದೆ ಇನ್ನೊಂದು ಡಿಜಿಟಲ್ ಪೆಡಲ್, ಮುಂದೆ ಡಿಜಿಟಲ್ ಮಿಕ್ಸರ್ ಸೇರಿದರೆ ಎಲ್ಲ ಕೂಡಿಕೊಳ್ಳುತ್ತದೆ. ನಿಮ್ಮ ಸರಣಿಯನ್ನು ಇಡಿಯಾಗಿ ಕೇಳಿ ನಿರ್ಧರಿಸಿ.

ಸದ್ದಿನ ಪ್ರಮಾಣವೂ ಮುಖ್ಯ. ಮೆಲುದನಿಯಲ್ಲಿ ನಮ್ಮ ಕಿವಿಗೆ ತಗ್ಗಿನ ಮತ್ತು ಮೇಲಿನ ಸ್ವರಗಳು ಕಡಿಮೆ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದರು. ಮನೆಯಲ್ಲಿ ಮೆಲ್ಲಗೆ ಕೇಳುತ್ತಾ ಬೇಸನ್ನೂ ಟ್ರೆಬಲನ್ನೂ ಏರಿಸಿ ಕೂರಿಸಿದ ನಾದ, ವೇದಿಕೆಯಲ್ಲಿ ಗುಡುಗುತ್ತದೆ, ಚುಚ್ಚುತ್ತದೆ. ಹಾಡುವವರ ದನಿಗೆ ಅಡ್ಡ ಬರುತ್ತದೆ. ಆದ್ದರಿಂದ ವೇದಿಕೆಯ ನಾದವನ್ನು ತಂಡದ ತಾಲೀಮಿನಲ್ಲಿ, ನಿಜವಾದ ಜೋರಿನಲ್ಲಿ ಕೂರಿಸಿ. ಗಿಟಾರ್ ಒಂಟಿಯಾಗಿ ಚೆನ್ನಾಗಿ ಕೇಳಿದರೆ ಸಾಲದು. ಡ್ರಮ್ಸ್, ಕೀಬೋರ್ಡ್, ಗಾಯನದ ನಡುವೆ ತನ್ನ ಜಾಗದಲ್ಲಿ ನಿಲ್ಲಬೇಕು.

ಐದು ಮಾತು ಮುಗಿದವು. ಇನ್ನು ಹಣದ ಮಾತು, ಚಿಕ್ಕದಾಗಿ. ಈ ಪೆಟ್ಟಿಗೆಗಳು ಹತ್ತು ಸಾವಿರದ ಆಸುಪಾಸಿನಿಂದ ಮುಕ್ಕಾಲು ಲಕ್ಷದ ಹತ್ತಿರದವರೆಗೂ, ಅದರಾಚೆಗೂ ಸಿಗುತ್ತವೆ. ಬೆಲೆಯ ಜೊತೆ ಅಡಾಪ್ಟರ್, ಡಿಐ ಬಾಕ್ಸ್, ಪ್ಯಾಚ್ ಕೇಬಲ್, ಹೊರಗಿನ ಸ್ವಿಚ್ ಎಲ್ಲ ಕೂಡಿಸಿ. ಭಾರತದಲ್ಲಿ ವಾರಂಟಿ ಇದೆಯೇ, ರಿಪೇರಿ ಎಲ್ಲಿ ಮಾಡುತ್ತಾರೆ ಎಂದು ಕೇಳಿ. ಕಂಪನಿ ಸಾಫ್ಟ್‌ವೇರನ್ನು ಸುಧಾರಿಸುತ್ತಾ ಬಂದಿದೆಯೇ ನೋಡಿ. ಎಚ್‌ಎಕ್ಸ್ ಸ್ಟಾಂಪ್ ಬಂದಾಗ ಒಟ್ಟಿಗೆ ಆರು ಎಫೆಕ್ಟ್ ಜೋಡಿಸಬಹುದಿತ್ತು. 2020ರ ಅಪ್‌ಡೇಟ್ ನಂತರ ಅದೇ ಪೆಟ್ಟಿಗೆಯಲ್ಲಿ ಎಂಟು ಜೋಡಿಸಲು ಸಾಧ್ಯವಾಯಿತು. ಕೊಂಡವರು ಅದಕ್ಕೆ ಮತ್ತೆ ಹಣ ಕೊಡಬೇಕಾಗಲಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಪ್ರತಿ ಫುಟ್‌ಸ್ವಿಚ್ಚನ್ನೂ ಹಲವು ಸಲ ಒತ್ತಿ ನೋಡಿ. ಜ್ಯಾಕುಗಳನ್ನು ಅಲುಗಿಸಿ ಕೇಳಿ. ಮೂಲ ಅಡಾಪ್ಟರ್ ಜೊತೆಗೇ ಕೇಳಿ ಪಡೆಯಿರಿ.

ಮಿತ್ರರೇ, ಕೊನೆಯದಾಗಿ ಒಂದು ವಿನಂತಿ. ಅಂಗಡಿಗೆ ಹೊರಡುವ ಮುನ್ನ ಒಂದು ಹಾಳೆಯ ಮೇಲೆ ಮೂರು ಸಾಲು ಬರೆಯಿರಿ. ಈ ಪೆಟ್ಟಿಗೆಯ ಮೊದಲ ಕೆಲಸ ಏನು? ಇದು ಯಾವುದಕ್ಕೆ ಜೋಡಣೆಯಾಗಬೇಕು? ನಾನು ಈಗ ನುಡಿಸುವ ಹಾಡುಗಳಿಗೆ ಎಷ್ಟು ನಾದ ಬೇಕು? ಮೂರನೆಯ ಸಾಲಿನ ಉತ್ತರ ಐದಾರನ್ನು ದಾಟುವುದು ಅಪರೂಪ. ಆ ಐದಾರು ನಾದವನ್ನು ಚೆನ್ನಾಗಿ ಕೊಡುವ, ನಿಮ್ಮ ಕಾಲಿಗೆ ಸಿಗುವ, ನಿಮ್ಮ ಕರೆಂಟಿಗೆ ಹೊಂದುವ ಪೆಟ್ಟಿಗೆಯೇ ನಿಮಗೆ ಒಳ್ಳೆಯ ಪೆಟ್ಟಿಗೆ. ಅದನ್ನು ತಂದ ಮೇಲೆ ಬೇರೆ ಪೆಟ್ಟಿಗೆಗಳ ಯೋಚನೆಯನ್ನು ಒಂದು ವರ್ಷ ಬಿಡಿ. ಆ ಹೊತ್ತನ್ನು ಅಭ್ಯಾಸಕ್ಕೆ ಕೊಡಿ.